ಗಿರಣಿ ಕರಿಬಸಪ್ಪನ ಬಿ.ಎ.

ಐವತ್ತರ ಅಂಚಿಗೆ ಬಂದ ಕರಿಬಸಪ್ಪ ಬಿ.ಎ. ಓದಲು ಹೊರಟಿದ್ದು ಜ್ಞಾನದ ಹಸಿವಿನಿಂದ ಎಂದು ಯಾರಾದರೂ ತಿಳಿದರೆ ಅದು ಅವರ ಒಳ್ಳೆಯತನ. ಅಂಥ ಹಸಿವು ಅವನನ್ನು ಹುಟ್ಟಿದಾಗಿನಿಂದ ಒಮ್ಮೆಯೂ ಕಾಡಿದ್ದಿಲ್ಲ. ಅವನನ್ನು ಓದಿಗೆ ಹಚ್ಚಿದ್ದು ಒಂದು ಲಗ್ನಪತ್ರಿಕೆ.

ಹೆಂಡತಿ ಮಹಾದೇವಕ್ಕನ ತವರಿನಲ್ಲಿ ಲಗ್ನ ಇತ್ತು. ನಮ್ಮ ಕಡೆ ಲಗ್ನಪತ್ರಿಕೆ ಕೈಗೆ ಬಂತೆಂದರೆ ಗಂಡು ಯಾರು, ಹೆಣ್ಣು ಯಾರು ಎನ್ನುವುದು ಆಮೇಲೆ. ಮೊದಲು ಕೆಳಗಿನ 'ಸುಖಾಗಮನ ಬಯಸುವವರು' ಎಂಬಲ್ಲಿ ಬೆರಳಿಟ್ಟು, ಯಾರ ಹೆಸರು ಯಾರ ಮೇಲೆ ಕೂತಿದೆ ಎಂದು ನೋಡುತ್ತಾರೆ. ಅಲ್ಲಿ ಮೇಲೆ ಕೂತವನು ಕರಿಬಸಪ್ಪನ ಷಡ್ಡಕ ಪ್ರಶಾಂತ. ಮಹಾದೇವಕ್ಕನ ತಂಗಿಯ ಗಂಡ, ಎಂ.ಎ., ಬಿ.ಇಡಿ., ಹಿರೇಕೆರೂರಿನಲ್ಲಿ ಹೈಸ್ಕೂಲ್ ಮಾಸ್ತರ. ಅವನ ಕೆಳಗೆ, ಹಿರಿಯ ಅಳಿಯನಾದ ಕರಿಬಸಪ್ಪ. ಹೆಸರಿನ ಮುಂದೆ ಬರೀ 'ಹಿಟ್ಟಿನ ಗಿರಣಿ'. ಆ ಲಗ್ನದಲ್ಲಿ ಎರಡು ಹೋಳಿಗೆ ಉಂಡರೂ ಅವನ ಹೊಟ್ಟೆ ತುಂಬಲಿಲ್ಲ.

ಮರುವಾರವೇ ಹಾನಗಲ್ಲಿಗೆ ಹೋಗಿ, ಕಂಪ್ಯೂಟರ್ ಇಟ್ಟುಕೊಂಡ ಅಂಗಡಿಯೊಂದರಲ್ಲಿ ದೂರಶಿಕ್ಷಣದ ಬಿ.ಎ.ಗೆ ಹೆಸರು ಹಚ್ಚಿಸಿದ. ಯಾವ ವಿಷಯ ಎಂದು ಅಂಗಡಿಯವನು ಕೇಳಿದಾಗ ಉದ್ದನೆಯ ಯಾದಿಯ ಮೇಲೆ ಕಣ್ಣಾಡಿಸಿ ರಾಜ್ಯಶಾಸ್ತ್ರ, ತತ್ವಶಾಸ್ತ್ರ, ಅರ್ಥಶಾಸ್ತ್ರ ಎಂದ. ಈ ಮೂರರ ಬಗ್ಗೆ ದಸ್ತಗೀರಸಾಬನ ಚಹಾದಂಗಡಿಯಲ್ಲಿ ತಾನು ದಿನಾಲೂ ಮಾತಾಡುತ್ತಲೇ ಇದ್ದೇನೆ, ಓದುವುದೇನು ಉಳಿದಿದೆ ಎಂಬುದು ಅವನ ಲೆಕ್ಕಾಚಾರ. ಪುಸ್ತಕಗಳು ಬಂದ ಮೇಲೆ ಗೊತ್ತಾಯಿತು, ಚಹಾದಂಗಡಿಯಲ್ಲಿ ತಾನು ಹೇಳುತ್ತಿದ್ದುದು ಒಂದೂ ಅವುಗಳಲ್ಲಿ ಇರಲಿಲ್ಲ.

ಈ ಸಂಗತಿಯನ್ನು ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಪಿಯುಸಿಯನ್ನು ಅವನು ಮೂರನೇ ಸಲಕ್ಕೆ ಪಾಸು ಮಾಡಿದ್ದು ಹೆಂಡತಿಯ ತವರಿನವರಿಗೆಲ್ಲ ಗೊತ್ತಿತ್ತು. ಈ ವಯಸ್ಸಿನಲ್ಲಿ ಬಿ.ಎ. ಫೇಲಾದ ಸುದ್ದಿ ಹಿರೇಕೆರೂರಿಗೆ ಮುಟ್ಟಿದರೆ ಪ್ರಶಾಂತ ಹತ್ತು ವರ್ಷ ಅದನ್ನೇ ಉಪ್ಪಿನಕಾಯಿ ಮಾಡಿಕೊಂಡು ಉಣ್ಣುತ್ತಾನೆ. ಪಾಸಾದ ಮೇಲೆ ಹೇಳಿದರಾಯಿತು ಎಂದುಕೊಂಡ.

ಓದಲು ಜಾಗ ಒಂದೇ, ಗಿರಣಿ. ಅಕ್ಕಿಆಲೂರಿನ ಸಮೀಪದ ಆ ಹಳ್ಳಿಗೆಲ್ಲ ಅದೊಂದೇ ಗಿರಣಿ. ಮುಂದೆ ಹೆಂಗಸರು ಪಾಳಿ ಹಚ್ಚಿ ಕೂರುವ ಕಟ್ಟೆ. ಒಳಗೆ ಯಂತ್ರದ ಗದ್ದಲ. ಕರಿಬಸಪ್ಪ ಸಣ್ಣಂದಿನಿಂದ ಕಲಿತದ್ದು ಬಾಯಿಪಾಠದ ವಿದ್ಯೆ, ಕೂಗಿ ಹೇಳದೆ ಒಂದಕ್ಷರ ತಲೆಗೆ ಇಳಿಯುತ್ತಿರಲಿಲ್ಲ. ಗಿರಣಿ ಶುರುವಾದಾಗ ಏನು ಕೂಗಿದರೂ ಹೊರಗೆ ಕೇಳುವುದಿಲ್ಲ ಎಂದು ನಂಬಿ ಅವನು ಗಂಟಲು ಬಿಚ್ಚಿ ಓದತೊಡಗಿದ. ಯಂತ್ರದ ಗದ್ದಲವನ್ನು ಮೀರಿ ತನ್ನ ಕಿವಿಗೇ ಕೇಳಬೇಕಾದರೆ ಎಷ್ಟು ಕೂಗಬೇಕೋ ಅಷ್ಟು ಕೂಗಿದ. ಅಷ್ಟು ಕೂಗಿದರೆ ಅದು ಕಟ್ಟೆಯನ್ನೂ ದಾಟಿ ಬಸ್ ಸ್ಟ್ಯಾಂಡಿನವರೆಗೆ ಹೋಗುತ್ತದೆ ಎಂಬ ಸರಳ ವಿಚಾರ, ತತ್ವಶಾಸ್ತ್ರದ ವಿದ್ಯಾರ್ಥಿಯಾದ ಕಾರಣ ಅವನಿಗೆ ಹೊಳೆಯಲಿಲ್ಲ.

ಹೀಗಾಗಿ ಎರಡು ವರ್ಷಕ್ಕೂ ಮೇಲ್ಪಟ್ಟು ಊರ ಹೆಂಗಸರು ಜೋಳದ ಬುಟ್ಟಿ ಮಡಿಲಲ್ಲಿಟ್ಟುಕೊಂಡು, ಅಧಿಕಾರದ ಮೂಲ ಜನರ ಒಪ್ಪಿಗೆ ಎಂಬುದನ್ನು ಕೇಳಿದರು. ಪ್ರಜೆಗಳ ಸುಖವನ್ನು ಮರೆತ ಆಳುವವನನ್ನು ಕೆಳಗಿಳಿಸಬೇಕು ಎಂಬುದನ್ನೂ ಕೇಳಿದರು. ಬೆಲೆ ಇಳಿಯಬೇಕು ಎಂದೂ ಕೇಳಿದರು. ಪುಸ್ತಕದಲ್ಲಿದ್ದದ್ದು ಬೆಲೆ ಇಳಿದರೆ ಬೇಡಿಕೆ ಏರುತ್ತದೆ ಎಂದು. ಆದರೆ ಹೆಂಗಸರಿಗೆ ಅದರಲ್ಲಿ ಮೊದಲರ್ಧವೇ ಹಿಡಿಸಿತ್ತು. ಅದರ ಮೇಲೆ ಕರಿಬಸಪ್ಪ ಭಾನುವಾರಕ್ಕೊಮ್ಮೆ ಸವಣೂರಿನ ತರಗತಿಗೆಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ. ಯಾಕೆಂದು ಕೇಳಿದರೆ ಚಹಾದ ಜೊತೆ ತಿನ್ನುವ ಖಾರಾ ತರಲಿಕ್ಕೆ ಎನ್ನುತ್ತಿದ್ದ. ಸವಣೂರ ಖಾರಾ ರುಚಿಯದೇ, ಆದರೆ ಅದಕ್ಕಾಗಿ ಎರಡು ಬಸ್ಸು ಬದಲಿಸಿ ಮುಂಜಾನೆ ಹೋಗಿ ಸಂಜೆ ಬರುವ ಮನುಷ್ಯನನ್ನು ಊರು ಕಂಡಿರಲಿಲ್ಲ.

ಚಹಾದಂಗಡಿಯ ದಸ್ತಗೀರಸಾಬ ಇದಕ್ಕೆಲ್ಲ ಅರ್ಥ ಹಚ್ಚಿದ. ಪಂಚಾಯತಿ ಚುನಾವಣೆ ಹತ್ತಿರ ಬಂದಿದೆ, ಕರಿಬಸಪ್ಪ ನಿಲ್ಲುತ್ತಾನೆ, ಸವಣೂರಿನಲ್ಲಿ ಯಾರೋ ದೊಡ್ಡ ಲೀಡರನ್ನು ಹಿಡಿದಿದ್ದಾನೆ, ಗಿರಣಿಯಲ್ಲಿ ಭಾಷಣ ರೂಢಿ ಮಾಡುತ್ತಿದ್ದಾನೆ. ಬೇಕಾದರೆ ಮೈ ನೋಡಿರಿ, ಲೀಡರಿಗೆ ಬೇಕಾದ ಬಿಳಿ ಬಣ್ಣ ಅವನಿಗೆ ಮೊದಲೇ ಹತ್ತಿದೆ ಎಂದು ಗಿರಾಕಿಗಳಿಗೆ ತೋರಿಸಿದ.

ಇದನ್ನು ಕೇಳಿ ನಿದ್ದೆ ಕೆಟ್ಟವನು ಆ ವಾರ್ಡಿನ ಮೆಂಬರ ಉಡಚಪ್ಪ. ಆ ವಾರ್ಡಿನಲ್ಲಿ ಓಟು ಬಿದ್ದು ಗೆದ್ದವರು ಇತ್ತೀಚೆಗೆ ಯಾರೂ ಇಲ್ಲ. ಹಿರಿಯರು ಮಠದ ಕಟ್ಟೆಯ ಮೇಲೆ ಕೂತು ಒಬ್ಬನ ಹೆಸರು ಹೇಳುತ್ತಾರೆ, ಮಿಕ್ಕವರು ಹಿಂದೆ ಸರಿಯುತ್ತಾರೆ. ಸರಿದವರಿಗೆ ಶಾಲು, ತೆಂಗಿನಕಾಯಿ, ಮುಂದಿನ ಸಲ ನಿನ್ನದೇ ಎಂಬ ಮಾತು. ಉಡಚಪ್ಪ ಹೀಗೆ ಮೂರು ಸಲ ಅವಿರೋಧ ಆರಿಸಿ ಬಂದವನು. ಈ ಏರ್ಪಾಡಿನಲ್ಲಿ ಒಂದು ಕಟ್ಟುನಿಟ್ಟಾದ ರಿವಾಜು ಇತ್ತು. ನಿಲ್ಲುವವನು ನಿಲ್ಲುತ್ತೇನೆ ಎಂದು ಬಾಯಿಬಿಟ್ಟು ಹೇಳಬಾರದು. ಕೇಳಿದವರಿಗೆಲ್ಲ ಇಲ್ಲ ಎನ್ನಬೇಕು. ಎಷ್ಟು ಜೋರಾಗಿ ಇಲ್ಲ ಎಂದರೆ ಅಷ್ಟು ಗಟ್ಟಿಯಾಗಿ ನಿಲ್ಲುತ್ತಾನೆ ಎಂದು ತಿಳಿಯಬೇಕು.

ಒಂದು ಮುಂಜಾನೆ ಉಡಚಪ್ಪ ತಾನೇ ಜೋಳದ ಚೀಲ ಹೊತ್ತು ಗಿರಣಿಗೆ ಬಂದ. ಮನೆಯಲ್ಲಿ ಮೂರು ಮಂದಿ ಆಳುಗಳಿರುವ ಮನುಷ್ಯ. ಚೀಲ ಇಳಿಸಿ, ಬೆವರೊರೆಸಿ, ಸುತ್ತ ನೋಡಿ ಮಾತು ತೆಗೆದ.

"ಕರಿಬಸಪ್ಪಣ್ಣ, ನೀವು ಎಲೆಕ್ಷನ್‌ಗೆ ನಿಲ್ತೀರಿ ಅಂತ ಊರೆಲ್ಲ ಅನ್ನಾಕತ್ತೇತಿ."

ಕರಿಬಸಪ್ಪ ಬೆಚ್ಚಿಬಿದ್ದ. "ಅಯ್ಯ, ನಾ ಯಾಕ ನಿಲ್ಲಲಿರಿ? ಇಲ್ರಿ ಮೆಂಬರ್ರ, ದೇವರಾಣೆ ಇಲ್ಲ."

ಉಡಚಪ್ಪನ ಮುಖ ಕಪ್ಪಿಟ್ಟಿತು. ಇಲ್ಲ ಅನ್ನುವವರನ್ನು ಅವನು ಕಂಡಿದ್ದ. ಆಣೆ ಮಾಡುವಷ್ಟು ಗಟ್ಟಿಗನನ್ನು ಕಂಡಿರಲಿಲ್ಲ.

ಮರುದಿನವೇ ಗಿರಣಿ ಮುಂದಿನ ಗಟಾರು ಸ್ವಚ್ಛವಾಯಿತು. ಹೆಂಗಸರು ಮೂರು ಸಲ ಅರ್ಜಿ ಕೊಟ್ಟರೂ ಆಗದ ಕೆಲಸ. ವಾರಕ್ಕೊಮ್ಮೆ ಬರುತ್ತಿದ್ದ ನಳದ ನೀರು ದಿನ ಬಿಟ್ಟು ದಿನ ಬಂತು. ಕೂಗಾಡಿದ್ದು ಕರಿಬಸಪ್ಪ, ನೀರು ಬಂದದ್ದು ಊರಿಗೆ. ಹೆಂಗಸರಿಗೆ ಅವನ ಮೇಲೆ ಭಕ್ತಿಯೇ ಹುಟ್ಟಿತು. ದಸ್ತಗೀರಸಾಬನ ಹೆಂಡತಿ ಶಾಕೀರಾ, ಆರಿಸಿ ಬರುವ ಮೊದಲೇ ಇಷ್ಟು ಮಾಡಿದವನು ಬಂದ ಮೇಲೆ ಏನೇನು ಮಾಡಬಹುದು ಎಂದು ಮಹಾದೇವಕ್ಕನ ಮುಂದೆ ಹೊಗಳಿದಳು. ಮಹಾದೇವಕ್ಕ ಜರಡಿ ಹಿಡಿಯುತ್ತಲೇ ಇದ್ದಳು.

ಹಿರಿಯರು ಕರಿಬಸಪ್ಪನನ್ನು ಮಠದ ಕಟ್ಟೆಗೆ ಕರೆಸಿದರು. ಹಿಂದೆ ಸರಿಯಲಿಕ್ಕೆ ಏನು ಬೇಕು ಎಂದು ಕೇಳಿದರು. ನನಗೇನೂ ಬೇಡ ಎಂದ. ಶಾಲು ಬೇಡವೆಂದವರು ಹಿಂದೆ ಇದ್ದರು, ಅವರಿಗೆ ಕೊಳವೆಬಾವಿ ಬೇಕಿತ್ತು. ಏನೂ ಬೇಡ ಎನ್ನುವವನಿಗೆ ಅಧ್ಯಕ್ಷಗಿರಿಯೇ ಬೇಕಿರಬೇಕು ಎಂದು ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು.

ಪರೀಕ್ಷೆ ಇದೆ ಎಂದು ಅಲ್ಲೇ ಹೇಳಿಬಿಡಬಹುದಿತ್ತು. ಬಾಯಿಯ ತನಕ ಬಂದಿತ್ತು ಕೂಡ. ಆದರೆ ಅರ್ಥಶಾಸ್ತ್ರದ ಒಂದು ಪೇಪರು ಅವನಿಗೆ ಆಗಲೇ ಎರಡು ಸಲ ಕೈ ಕೊಟ್ಟಿತ್ತು. ಮಿಕ್ಕದ್ದೆಲ್ಲ ಹೇಗೋ ಮುಗಿದಿತ್ತು. ಈ ಸಲ ಅದು ಹೋದರೆ ನೋಂದಣಿಯ ಅವಧಿಯೇ ಮುಗಿದು ಮೂರು ವರ್ಷದ ಕೂಗಾಟವೆಲ್ಲ ಹಿಟ್ಟಿನಂತೆ ಹಾರಿಹೋಗುವುದು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಇನ್ನೊಂದು ವಾರಕ್ಕಾಗಿ ಬಯಲು ಮಾಡಲು ಅವನಿಗೆ ಮನಸ್ಸು ಬರಲಿಲ್ಲ. ನಗೆಪಾಟಲಾಗಲು ಇನ್ನೂ ಅವಕಾಶ ಇರುವಾಗ ಅವಸರ ಯಾಕೆ ಎಂದುಕೊಂಡು ಎದ್ದು ಬಂದ.

ಪೇಪರು ಶಿಗ್ಗಾಂವದ ಒಂದು ಕಾಲೇಜಿನಲ್ಲಿ, ಮಧ್ಯಾಹ್ನ ಎರಡರಿಂದ ಐದರ ತನಕ. ದೈವದ ಆಟ ನೋಡಿರಿ, ನಾಮಪತ್ರ ಕೊಡಲು ಕೊನೆಯ ದಿನವೂ ಅದೇ. ಪಂಚಾಯತಿ ಆಫೀಸಿನಲ್ಲಿ ಮೂರು ಗಂಟೆಗೆ ಬಾಗಿಲು ಹಾಕುತ್ತಿದ್ದರು. ಮುಂಜಾನೆ ಕರಿಬಸಪ್ಪ ಇಸ್ತ್ರಿ ಅಂಗಿ ಹಾಕಿ, ಕಿಸೆಯಲ್ಲಿ ಎರಡು ಪೆನ್ನು ಸಿಕ್ಕಿಸಿ, ಹಾಲ್ ಟಿಕೆಟ್ ಒಳಕಿಸೆಯಲ್ಲಿಟ್ಟು, ದೇವರಿಗೆ ಕೈಮುಗಿದು ಹೊರಬಿದ್ದ. ನಾಮಪತ್ರ ಕೊಡಲು ಹೊರಟವನು ಇದಕ್ಕಿಂತ ಬೇರೆ ಹೇಗೂ ಕಾಣಲು ಸಾಧ್ಯವಿರಲಿಲ್ಲ.

ಅಕ್ಕಿಆಲೂರು ಬಸ್ ಸ್ಟ್ಯಾಂಡಿನಲ್ಲಿ ಉಡಚಪ್ಪನ ಬೊಲೆರೋ ಬಂದು ನಿಂತಿತು. ಒಳಗೆ ಅವನ ಕಡೆಯವರೆಲ್ಲ ಇದ್ದರು. ಹಾನಗಲ್ಲಿಗೆ ಬಿಡುತ್ತೇವೆ, ಹತ್ತಿರಿ ಎಂದರು. ಶಿಗ್ಗಾಂವದ ಬಸ್ಸು ಸಿಗುವುದು ಅಲ್ಲೇ. ಹತ್ತಿದ. ನಡುವಿನ ಸೀಟಿನಲ್ಲಿ ಕೂರಿಸಿದರು, ಎರಡೂ ಕಡೆ ಒಬ್ಬೊಬ್ಬರು ಒತ್ತಿಕೊಂಡು ಕೂತರು. ಗಾಡಿ ಹಾನಗಲ್ ದಾರಿ ಬಿಟ್ಟು ಹಿರೇಕೆರೂರ ಕಡೆ ತಿರುಗಿದಾಗ ಕರಿಬಸಪ್ಪ ದಾರಿ ತಪ್ಪಿತು ಎಂದ. ಫೋನು ಕೊಡಿರಿ, ಚಾರ್ಜಿಗೆ ಹಚ್ಚುತ್ತೇವೆ ಎಂದು ಅದನ್ನೂ ಇಸಿದುಕೊಂಡರು.

ದೊಡ್ಡ ದೊಡ್ಡ ಶಾಸಕರನ್ನು ರೆಸಾರ್ಟಿನಲ್ಲಿ ಕೂಡಿಹಾಕಿ ಇಡ್ಲಿ-ವಡೆ ತಿನ್ನಿಸುವುದನ್ನು ಉಡಚಪ್ಪ ಟಿವಿಯಲ್ಲಿ ನೋಡಿದ್ದ. ಅವನ ಅಳತೆಗೆ ಸಿಕ್ಕ ರೆಸಾರ್ಟು ಹಿರೇಕೆರೂರು ತಾಲೂಕಿನಲ್ಲಿ ಮಾವನ ಗೋವಿನಜೋಳದ ಹೊಲ, ಅದರ ನಡುವೆ ಒಂದು ತಗಡಿನ ಶೆಡ್ಡು. ಅಲ್ಲಿ ಕರಿಬಸಪ್ಪನಿಗೆ ಹೊರಸು ಹಾಕಿ, ಖಡಕ್ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು ಮುಂದಿಟ್ಟು, ಮೂರರ ತನಕ ಆರಾಮ ಮಾಡಿರಿ ಎಂದರು. ತಾನು ಒಂದು ರೆಸಾರ್ಟಿಗೆ ಯೋಗ್ಯನಾದ ಮನುಷ್ಯ ಎಂದು ಕರಿಬಸಪ್ಪನಿಗೆ ಅರೆಗಳಿಗೆ ಹೆಮ್ಮೆಯೂ ಆಯಿತು. ಆಮೇಲೆ ಅರ್ಥಶಾಸ್ತ್ರ ನೆನಪಾಗಿ ಕೈಯಲ್ಲಿದ್ದ ರೊಟ್ಟಿ ಜಾರಿತು. ಇನ್ನು ಮಾನ ಮರ್ಯಾದೆ ನೋಡುವ ಹೊತ್ತಲ್ಲವೆಂದು ಇದ್ದದ್ದು ಇದ್ದಂಗೆ ಹೇಳಿಬಿಟ್ಟ. ತಾನು ಬಿ.ಎ. ಓದುತ್ತಿದ್ದೇನೆ, ಇವತ್ತು ಪರೀಕ್ಷೆ, ಎಲೆಕ್ಷನ್ ಗಿಲೆಕ್ಷನ್ ಏನೂ ಇಲ್ಲ.

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಹಾಲ್ ಟಿಕೆಟ್ ತೋರಿಸಿದ. ಉಡಚಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಈಗಿನ ಕಾಲದಲ್ಲಿ ಇಂಥವನ್ನು ಯಾವ ಅಂಗಡಿಯಲ್ಲಾದರೂ ತೆಗೆದುಕೊಡುತ್ತಾರೆ ಎಂದ. ಖಾತ್ರಿ ಮಾಡಿಕೊಳ್ಳಲಿಕ್ಕೆಂದು ಕರಿಬಸಪ್ಪನ ಫೋನಿನಿಂದಲೇ ಪ್ರಶಾಂತ ಮಾಸ್ತರನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ಷಡ್ಡಕ ಬಿ.ಎ. ಓದುತ್ತಿರುವುದು ಹೌದೇ ಎಂಬ ಪ್ರಶ್ನೆಗೆ ಪ್ರಶಾಂತ ಮೊದಲು ಹೊಟ್ಟೆ ಹುಣ್ಣಾಗುವಂತೆ ನಕ್ಕ. ಕಡೆಗೆ, ನಮ್ಮ ಷಡ್ಡಕರು ಪಿಯುಸಿಯನ್ನೇ ಮೂರು ಸಲಕ್ಕೆ ಹತ್ತಿದವರು, ಅವರಿಗೂ ಪುಸ್ತಕಕ್ಕೂ ಇರುವ ಸಂಬಂಧ ಅಷ್ಟಕ್ಕಷ್ಟೆ ಎಂದು ಹೇಳಿ ಫೋನು ಇಟ್ಟ.

ಬಿಸಿಲು ನೆತ್ತಿಗೆ ಬರುತ್ತಿತ್ತು. ಕರಿಬಸಪ್ಪನಿಗೆ ಅಳುವುದೊಂದು ಬಾಕಿ. ಲಗ್ನಪತ್ರಿಕೆಗಾಗಿ ಶುರು ಮಾಡಿದ ಓದು ನಿಜ, ಆದರೆ ಮೂರು ವರ್ಷ ಕೂಗಿ ಕೂಗಿ ಅದು ಅವನದೇ ಆಗಿತ್ತು. ಈ ಶೆಡ್ಡಿನಲ್ಲಿ ಮೊಸರು ತಿನ್ನುತ್ತ ಅದನ್ನು ಕಳೆದುಕೊಳ್ಳುವುದು ಸಂಕಟವಾಯಿತು. ಆ ಸಂಕಟದಲ್ಲಿ, ಜನ್ಮದಲ್ಲಿ ಮೊದಲ ಬಾರಿಗೆ, ತತ್ವಶಾಸ್ತ್ರ ಅವನ ಕೈ ಹಿಡಿಯಿತು. ತರ್ಕದ ಪಾಠ ಒಂದಿತ್ತಲ್ಲ, ಹೀಗಾದರೆ ಹಾಗೆ, ಹಾಗಾದರೆ ಹೀಗೆ ಎಂಬುದು.

"ಮೆಂಬರ್ರ, ಒಂದ ಮಾತು ಕೇಳ್ರಿ. ನೀವ ನನ್ನ ಶಿಗ್ಗಾಂವಕ್ಕ ಕರಕೊಂಡು ನಡೀರಿ. ನಾ ಸುಳ್ಳು ಹೇಳಾಕತ್ತಿದ್ರ ಕಾಲೇಜಿನವ್ರು ನನ್ನ ಒಳಗ ಬಿಡೂದಿಲ್ಲ. ಹಂಗಿಂದ ಹಂಗ ಹೊಳ್ಳಿ ಇಲ್ಲಿಗೇ ತಂದು ಕೂಡಿಹಾಕ್ರಿ. ಖರೇ ಹೇಳಾಕತ್ತಿದ್ರ ಒಳಗ ಬಿಡ್ತಾರ, ಐದರ ತನಕ ಹೊರಗ ಬರಾಕ ಬರೂದಿಲ್ಲ, ಫೋನೂ ಇರೂದಿಲ್ಲ. ಎರಡರಾಗ ಯಾವುದಾದ್ರೂ ನಿಮಗೇನು ತ್ರಾಸು?"

ಉಡಚಪ್ಪ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. ಸುತ್ತಲಿನವರನ್ನು ನೋಡಿದ. ಗಾಡಿ ಓಡಿಸುತ್ತಿದ್ದ ಅವನ ಅಳಿಯ ಹುಲಗೇಶ, ಅದು ಸರಕಾರವೇ ಪೊಲೀಸರನ್ನಿಟ್ಟು ಕಾಯುವ ರೆಸಾರ್ಟು ಮಾವ, ಊಟದ ಖರ್ಚೂ ಇಲ್ಲ ಎಂದ. ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಬೊಲೆರೋ ಗೋವಿನಜೋಳದ ನಡುವೆ ಧೂಳೆಬ್ಬಿಸಿಕೊಂಡು ಹೊರಟಿತು. ಮೊದಲು ಕರಿಬಸಪ್ಪನನ್ನು ತಡೆಯಲು ಹೊರಟವರು ಈಗ ಅವನನ್ನು ಹೊತ್ತಿಗೆ ಮುಟ್ಟಿಸಲು ಜೀವ ಕೈಯಲ್ಲಿ ಹಿಡಿದು ಓಡಿಸಿದರು. ಹೈವೇಯಲ್ಲಿ ಲಾರಿಯವರಿಗೆಲ್ಲ ಉಡಚಪ್ಪ ಕಿಡಕಿಯಿಂದ ಕೈ ಹೊರಗೆ ಹಾಕಿ, ಪರೀಕ್ಷೆ ಇದೆ, ಸರಿಯಿರಿ ಎಂದು ಕೂಗಿದ.

ಕಾಲೇಜಿನವರು ಹಾಲ್ ಟಿಕೆಟ್ ನೋಡಿ ಒಳಗೆ ಬಿಟ್ಟಾಗ ಉಡಚಪ್ಪನಿಗೆ ಆಶ್ಚರ್ಯವಾಯಿತು, ಕರಿಬಸಪ್ಪನಿಗೂ. ಎಲ್ಲರೂ ಗೇಟಿನ ಮುಂದೆ, ಹಿಂದೆ, ಕಂಪೌಂಡಿನ ಮುರಿದ ಮೂಲೆಯಲ್ಲಿ ಕಾವಲು ನಿಂತರು.

ಒಳಗೆ ಬೇರೆಯೇ ಸಂಕಟ. ಪ್ರಶ್ನೆಗಳೆಲ್ಲ ಗುರುತಿನವೇ, ಆದರೆ ಉತ್ತರ ಒಂದೂ ನೆನಪಿಗೆ ಬರಲೊಲ್ಲದು. ಗಿರಣಿಯ ಗದ್ದಲದಲ್ಲಿ ಕಲಿತ ವಿದ್ಯೆ ಆ ಮೌನದಲ್ಲಿ ಹೊರಗೆ ಬರಲು ಒಪ್ಪಲಿಲ್ಲ. ಕರಿಬಸಪ್ಪ ಬೆವತ. ಆಮೇಲೆ ಮೆಲ್ಲಗೆ, ಬಾಯಿ ಮುಚ್ಚಿಕೊಂಡೇ, ಗಂಟಲಲ್ಲಿ ಗರ್ರ್ ಎಂದು ಗಿರಣಿ ಶುರು ಮಾಡಿದ. ಬೇಡಿಕೆಯ ನಿಯಮ ತಾನಾಗಿ ಬಂದು ನಿಂತಿತು. ಅದರ ಹಿಂದೆ ಪೂರೈಕೆ ಬಂತು. ಮೇಲ್ವಿಚಾರಕಿ ಓಡಿ ಬಂದು, ಅಜ್ಜಾರ, ಉಸಿರಿಗೆ ತೊಂದರೆ ಆಗಾಕತ್ತೇತೇನ್ರಿ ಎಂದು ನೀರು ಕೊಟ್ಟಳು. ಇದು ಮನೆತನದ ರೋಗ, ಬರೆದರೆ ಕಡಿಮೆಯಾಗುತ್ತದೆ ಎಂದು ಹೇಳಿ ಅವನು ಬರೆಯುತ್ತಲೇ ಹೋದ. ಮೂರು ಹೊಡೆದಾಗ ಹೊರಗೆ ಬೊಲೆರೋದ ಹಾರ್ನು ಖುಷಿಯಿಂದ ಎರಡು ಸಲ ಕೂಗಿತು.

ಐದಕ್ಕೆ ಹೊರಬಂದ ಕರಿಬಸಪ್ಪನನ್ನು ಉಡಚಪ್ಪ ಅಪ್ಪಿಕೊಂಡ. ನಾಲ್ಕನೇ ಸಲ ಅವಿರೋಧ ಆದ ಮನುಷ್ಯನ ಉದಾರತೆ ಅವನ ಮೈಯಲ್ಲೆಲ್ಲ ಹರಿಯುತ್ತಿತ್ತು. ದಾರಿಯಲ್ಲಿ ಗಾಡಿ ನಿಲ್ಲಿಸಿ ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ಕೊಡಿಸಿದ. ಅವನು ಮೊದಲ ಮಿರ್ಚಿ ಕಚ್ಚುವಾಗ ಫೋನು ಬಂತು. ಎರಡು ತಾಸಿನಿಂದ ಊರಲ್ಲಿ ಎಲ್ಲರೂ ನೀ ಹೇಳು, ನೀ ಹೇಳು ಎಂದು ಒಬ್ಬರನ್ನೊಬ್ಬರು ತಳ್ಳಿ, ಕೊನೆಗೆ ಯಾರೋ ಒಬ್ಬ ಧೈರ್ಯ ಮಾಡಿದ್ದ. ಮೂರಕ್ಕೆ ಹತ್ತು ನಿಮಿಷ ಇರುವಾಗ ನಾಮಪತ್ರವೊಂದು ಬಿದ್ದಿದೆ. ಮಹಾದೇವಕ್ಕನ ಹೆಸರಿನಲ್ಲಿ. ಸೂಚಕಿ ಶಾಕೀರಾ. ತಡೆಯೋಣವೆಂದರೆ ಮೆಂಬರನ ಕಡೆಯವರು ಒಬ್ಬರೂ ಊರಲ್ಲಿ ಇರಲಿಲ್ಲ.

ಉಡಚಪ್ಪ ಮಿರ್ಚಿಯನ್ನು ತಾಟಿನಲ್ಲಿಟ್ಟ. ಹೊಡೆಯಲು ಬರುತ್ತಾನೇನೋ ಎಂದು ಕರಿಬಸಪ್ಪ ಹಿಂದೆ ಸರಿದ. ಆದರೆ ಉಡಚಪ್ಪ ಎರಡೂ ಕೈ ಜೋಡಿಸಿದ.

"ನಮ್ಮನ್ನೆಲ್ಲ ಶಿಗ್ಗಾಂವಕ್ಕ ತಂದು ಗೇಟ್ ಕಾಯಾಕ ಹಚ್ಚಿ, ಅಲ್ಲಿ ಊರಾಗ ಕೆಲಸಾ ಮುಗಿಸಿದ್ರೆಲ್ಲರಿ. ಹದಿನೈದು ವರ್ಷ ರಾಜಕೀಯ ಮಾಡೇನಿ, ಇಂಥಾ ತಲಿ ನೋಡಿಲ್ಲ."

ಕರಿಬಸಪ್ಪ ತನಗೇನೂ ಗೊತ್ತಿಲ್ಲ ಎಂದ. ಗೊತ್ತಿಲ್ಲವೇ ಇಲ್ಲ ಎಂದ. ತಾನು ಖರೇನೇ ಪರೀಕ್ಷೆ ಬರೆದೆ ಎಂದ. ಹೇಳಿದಷ್ಟೂ ಬೊಲೆರೋದೊಳಗಿನ ಗೌರವ ಹೆಚ್ಚುತ್ತ ಹೋಯಿತು. ಈ ಸಲ ಹಾನಗಲ್ ದಾಟುವಾಗ ಅವನನ್ನು ಮುಂದಿನ ಸೀಟಿಗೆ ಕೂರಿಸಿದರು.

ಗಿರಣಿ ಮುಂದೆ ಹೆಂಗಸರು ಗುಲಾಲು ಹಿಡಿದು ನಿಂತಿದ್ದರು. ಬರೀ ಹಿಟ್ಟು ಕಂಡಿದ್ದ ಕರಿಬಸಪ್ಪನ ಮುಖ ಕೆಂಪಾಯಿತು. ಪರೀಕ್ಷೆಯ ನಾಟಕ ಹೂಡಿದ್ದು ಎಂಥ ಹಂಚಿಕೆ ಎಂದು ದಸ್ತಗೀರಸಾಬ ಬಂದವರಿಗೆಲ್ಲ ಬಿಡಿಸಿ ಹೇಳುತ್ತಿದ್ದ. ಪ್ರಶಾಂತ ಕೂಡ ಫೋನು ಮಾಡಿ, ನನ್ನನ್ನೂ ಸಾಕ್ಷಿಗೆ ಎಳಕೊಂಡ್ರೆಲ್ಲ, ಭಾರೀ ಆದ್ರಿ ಎಂದಿದ್ದನಂತೆ. ಕರಿಬಸಪ್ಪ ಗುಂಪು ಸೀಳಿಕೊಂಡು ಮನೆಯೊಳಗೆ ಹೋಗಿ ಕದ ಮುಂದಕ್ಕೆ ತಳ್ಳಿದ. ಮಹಾದೇವಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೇಳಬೇಕಾದದ್ದು ಬೇಕಾದಷ್ಟಿತ್ತು. ಅದಕ್ಕೂ ಮೊದಲು ಅವಳೇ ತಲೆ ಎತ್ತಿ ಕೇಳಿದಳು.

"ಪೇಪರ ಹೆಂಗಾತ್ರಿ?"

ಕರಿಬಸಪ್ಪ ಒಲೆಯ ಮುಂದೆಯೇ ಕೂತ. ನಿನಗೆ ಹೇಗೆ ಗೊತ್ತು ಎಂದ.

"ನಿದ್ದಿಗಣ್ಣಾಗ ಬೇಡಿಕೆ ಇಳೀತು, ಬೇಡಿಕೆ ಇಳೀತು ಅಂತ ಬಡಬಡಿಸ್ತಿದ್ರಿ. ಎಲೆಕ್ಷನ್‌ಗೆ ನಿಲ್ಲಾಂವ ಹಂಗ ಅಂತಾನೇನ್ರಿ? ಗಿರಣ್ಯಾಗ ಪುಸ್ತಕದೊಳಗ ಇಟ್ಟ ಹಾಲ್ ಟಿಕೆಟ್ಟೂ ನೋಡಿದ್ದೆ. ಫೇಲಾದ್ರ ನನ್ನ ಮುಂದ ಮಾರಿ ತೋರಸಾಕ ನಾಚ್ಕಿ ಅಂತ ಸುಮ್ನಿದ್ದೆ." ರೊಟ್ಟಿ ತಿರುವಿ ಹಾಕಿದಳು. "ಇವತ್ತು ಎಲ್ಲಾರೂ ಪಂಚಾಯ್ತಿ ಮುಂದ ನಿಮ್ಮ ದಾರಿ ಕಾಯ್ಕೋತ ಕುಂತಿದ್ರು. ನೀವು ಬರೂದಿಲ್ಲ ಅನ್ನೂದು ನನಗೊಬ್ಬಾಕಿಗೆ ಗೊತ್ತಿತ್ತು. ಅಷ್ಟ ಮಂದಿ ಮನಸ ಮಾಡ್ಯಾರ, ಸುಮ್ನ ಯಾಕ ಕೆಡಸೂದು ಅಂತ ನಾನ ಸಹಿ ಮಾಡಿದೆ. ಪಾಸಾಗ್ತೀರಿಲ್ಲೋ?"

"ಆಗ್ತೇನಿ ಅನಸ್ತೈತಿ," ಎಂದ ಕರಿಬಸಪ್ಪ. ಊರೆಲ್ಲ ನಂಬದ ಮಾತನ್ನು ಇವಳೊಬ್ಬಳು ಕೇಳುವ ಮೊದಲೇ ನಂಬಿದ್ದಳು. ಪದವಿ ಬಂದರೂ ಬರದಿದ್ದರೂ ಇಷ್ಟು ಸಂತೋಷ ಅವನಿಗೆ ಇನ್ನೆಲ್ಲೂ ಸಿಗುವಂತಿರಲಿಲ್ಲ. ಉಮೇದಿ ಬಂದು, ಹೊರಗೆ ಹೋಗಿ ಖರೇ ಸಂಗತಿ ಎಲ್ಲರಿಗೂ ಹೇಳಿಬಿಡುತ್ತೇನೆ ಎಂದು ಎದ್ದ.

ಮಹಾದೇವಕ್ಕ ಹಿಟ್ಟಿನ ಕೈಯಲ್ಲೇ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಓಟು ಆಗೂ ತನಕ ಬಾಯಿ ಬಿಡಬ್ಯಾಡ್ರಿ. ನೀವು ಖರೇನ ಪರೀಕ್ಷಾ ಬರಿಯಾಕ ಹೋಗಿದ್ರಿ ಅಂತ ಗೊತ್ತಾದ್ರ, ಇಂಥಾ ಭೋಳೆ ಮನುಷ್ಯಾನ ಹೇಣ್ತಿಗೆ ಯಾರು ಓಟು ಹಾಕ್ತಾರ?"

ಕರಿಬಸಪ್ಪ ಮುಖದ ಗುಲಾಲು ಒರೆಸಿಕೊಂಡು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಕರಿಬಸಪ್ಪ ಬರೆದೇ ಇಲ್ಲವೆಂಬ ಪರೀಕ್ಷೆಯ ಕತೆಯನ್ನು ದಸ್ತಗೀರಸಾಬ ಮೊದಲಿನಿಂದ ಶುರು ಮಾಡಿದ. ಕರಿಬಸಪ್ಪ ನಡುನಡುವೆ ತಲೆದೂಗುತ್ತ ಕೊನೆಯ ತನಕ ಕೇಳಿದ.